ಬೀಗರ ಮನೆಯಲ್ಲಿ ತೂಕ

ಕಷ್ಟಪಟ್ಟು ಮೈ ಇಳಿಸಿದ ಮೇಲೆ ನನ್ನ ಮಂಡಿನೋವು ಹೋಯಿತು. ಅದು ಮತ್ತೆ ಬರಬಾರದೆಂದು ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳುತ್ತೇನೆ. ಅರ್ಧ ಕೆಜಿ ಏರಿದರೆ ರಾತ್ರಿ ಊಟ ಅರ್ಧ. ಅಷ್ಟೇ ಗುಟ್ಟು.

ಗಣೇಶನ ಹಬ್ಬಕ್ಕೆ ಕೆಂಗೇರಿಗೆ, ಮಗಳನ್ನು ಕೊಟ್ಟ ಮನೆಗೆ ಹೊರಟೆ. ತೂಕದ ಮೆಷಿನ್ನೂ ಚೀಲದಲ್ಲಿತ್ತು. ದೀಪಾಂಜಲಿ ನಗರದ ಮೆಟ್ರೋದಲ್ಲಿ ಚೀಲ ತಪಾಸಣೆ ಮಾಡುವಾಕೆ ತಡೆದಳು.

“ಇದೇನ್ ಸಾರ್?”

“ತೂಕದ ಮೆಷಿನ್.”

“ಯಾಕ್ ಸಾರ್?”

“ಬೀಗರ ಮನೆಗೆ ಹೋಗ್ತಾ ಇದೀನಿ.”

ನಕ್ಕು ಒಳಗೆ ಬಿಟ್ಟಳು.

ಹಬ್ಬದ ದಿನ ಹೋಳಿಗೆ ಮಾಡಿದ್ದರು. ಒಂದೇ ತಿಂದೆ. ಮಾರನೆಯ ಬೆಳಿಗ್ಗೆ ಹಜಾರದಲ್ಲಿ ಮೆಷಿನ್ ಹತ್ತಿದೆ. ಬೀಗಿತ್ತಿ ಸೌಟು ಹಿಡಿದೇ ಬಂದರು.

“ಎಷ್ಟ್ ಬಂತು ಬೀಗ್ರೇ?”

“ಎಪ್ಪತ್ತು ಕೆಜಿ. ನಿನ್ನೆ ಇದ್ದಷ್ಟೇ,” ಎಂದೆ ಹೆಮ್ಮೆಯಿಂದ.

ಅವರ ಮುಖ ಸಪ್ಪಗಾಯಿತು. “ನಮ್ಮನೆ ಹೋಳಿಗೆ ನಿಮಗೆ ಹಿಡಿಸ್ಲಿಲ್ಲ ಅನ್ನಿ.”

ಮಗಳು ನನ್ನನ್ನು ಪಕ್ಕಕ್ಕೆ ಎಳೆದಳು. “ಅಪ್ಪಾ, ನಾನು ಇದೇ ಮನೇಲಿ ಬಾಳ್ಬೇಕು!”

ಮೂರನೆಯ ಬೆಳಿಗ್ಗೆ ದೇವರ ಮನೆಯಿಂದ ಒಂದು ತೆಂಗಿನಕಾಯಿ ತೆಗೆದುಕೊಂಡೆ. ಅದನ್ನು ಶಾಲಿನೊಳಗೆ ಅವಚಿಕೊಂಡು ಮೆಷಿನ್ ಹತ್ತಿದೆ. ಬೀಗಿತ್ತಿ ಬಗ್ಗಿ ನೋಡಿ ಕೂಗಿದರು.

“ಅರ್ಧ ಕೆಜಿ ಏರಿದಾರೆ, ಬನ್ರೋ ಎಲ್ಲಾ!”

ಮನೆಯವರೆಲ್ಲ ಬಂದು ನೋಡಿದರು. ಮಗಳು ಮಾತ್ರ ಶಾಲು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆ ಸಂತೋಷಕ್ಕೆ ಬೀಗಿತ್ತಿ ಮತ್ತೆ ಹೋಳಿಗೆ ಮಾಡಿ, ತುಪ್ಪ ಸುರಿದು, ನಾಲ್ಕು ಬಡಿಸಿದರು. ನಾಲ್ಕನ್ನೂ ತಿಂದು ಮುಗಿಸಿದೆ.

ತೆಂಗಿನಕಾಯಿ ಕೆಂಗೇರಿಯಲ್ಲೇ ಉಳಿಯಿತು. ಅದರ ತೂಕ ಮಾತ್ರ ನನ್ನ ಜೊತೆ ಮೆಟ್ರೋ ಹತ್ತಿ ಬಂತು.