ನುಸಿ ಎಣಿಸಿದ ಮ್ಯಾಥ್ಸ್ ಸರ್

ಇವತ್ತು ಬೆಳಗ್ಗೆ ಪಕ್ಕದವರ ಪಾಲಿಹೌಸ್‌ನಿಂದ ಔಷಧಿ ಹೊಡೆದ ವಾಸನೆ ಬಂತು. ಮೂಗಿಗೆ ಸೆರಗು ಹಿಡಿದವಳಿಗೆ ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಮ್ಯಾಥ್ಸ್ ಸರ್ ನೆನಪಾದರು...

ಬೇರಿಕೆ ರಸ್ತೆಯ ನಮ್ಮ ಗುಲಾಬಿ ತೋಟಕ್ಕೆ, ಸರ್ ಇದ್ದಾಗ ಒಂದು ವರ್ಷ, ಎಲೆಯ ರಸ ಹೀರುವ ಕೆಂಪು ನುಸಿ ಬಿದ್ದಿತ್ತು. ನನ್ನ ಹಸ್ಬೆಂಡ್ ಕೈಯಾರೆ ನೆಟ್ಟ ಗಿಡಗಳು. ಅವರು ಹೋದ ಮೇಲೆ ನನಗೆ ಉಳಿದಿದ್ದ ಕಂಪನಿ ಅದೊಂದೇ. ಔಷಧಿ ಹೊಡೆದಷ್ಟೂ ನುಸಿ ಹೆಚ್ಚುತ್ತಿತ್ತು. ಎಲ್ಲಾ ಕಿತ್ತುಹಾಕಿ ಎಂದು ಆಳುಗಳಿಗೆ ಹೇಳಿಯೂ ಆಗಿತ್ತು. ಆಗ ಸರ್ ಮೆಟ್ಟಿಲಿಳಿದು ಬಂದರು.

ಜೀವಿಗಳು ಎಲ್ಲಿ ಗುಂಪುಗೂಡುತ್ತವೆ, ಹೇಗೆ ಹರಡುತ್ತವೆ ಎಂದು ಈಕ್ವೇಶನ್ ಬರೆಯುವುದೇ ಅವರ ರಿಸರ್ಚ್. ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ನುಸಿ ಎಣಿಸಿದರು. ಜೊತೆಗೆ, ನುಸಿಯನ್ನೇ ತಿನ್ನುವ ಇನ್ನೊಂದು ಜಾತಿಯ ನುಸಿಯನ್ನೂ. ಗ್ರಾಫ್ ಶೀಟಿನಲ್ಲಿ ಗಿಡ ಹಾಳುಮಾಡುವ ನುಸಿಗೆ ಕೆಂಪು ಚೌಕ, ಅದನ್ನು ತಿನ್ನುವ ನುಸಿಗೆ ನೀಲಿ.

"ಮೇಡಂ, ನಿಮ್ಮ ಔಷಧಿಗೆ ಮೊದಲು ಸಾಯೋದು ನೀಲಿ. ನಾಲ್ಕು ವಾರ ಕೈಕಟ್ಟಿ ಕೂತ್ಕೊಳ್ಳಿ. ಕೆಂಪು ಓಡುತ್ತೆ, ನೀಲಿ ಅಟ್ಟಿಸ್ಕೊಂಡು ಹೋಗುತ್ತೆ. ಕೆಂಪು ಪೂರ್ತಿ ಹೋಗಲ್ಲ, ಅಲ್ಲಲ್ಲಿ ಚುಕ್ಕಿಯಾಗಿ ನಿಲ್ಲುತ್ತೆ. ಅಷ್ಟು ಸಾಕು."

ಹೂ ಕೊಯ್ಯುವ ಹೆಂಗಸು ಹಣೆ ಚಚ್ಚಿಕೊಂಡಳು. "ಅಯ್ಯೋ ಅಮ್ಮಾ, ಹಸ ಸಾಕೋರ್ನ ಕಂಡಿವ್ನಿ, ಕುರಿ ಸಾಕೋರ್ನ ಕಂಡಿವ್ನಿ. ನುಸಿ ಸಾಕೋ ವಾದ್ಯಾರ್ನ ಇವತ್ತೇ ಕಂಡಿದ್ದು!"

ಎರಡನೇ ವಾರ ಎಲೆಗಳು ಇನ್ನಷ್ಟು ತಾಮ್ರದ ಬಣ್ಣಕ್ಕೆ ತಿರುಗಿದವು. ನನಗೆ ಧೈರ್ಯ ಸಾಲಲಿಲ್ಲ. ಸರ್ ಕೃಷ್ಣಗಿರಿಗೆ ಹೋಗಿದ್ದ ಒಂದು ಮಧ್ಯಾಹ್ನ, ಬಾಗಿಲ ಬಳಿಯ ಎರಡು ಸಾಲಿಗೆ ಕದ್ದು ಔಷಧಿ ಹೊಡೆದೆ.

ನಾಲ್ಕನೇ ವಾರ ತೋಟದ ತುಂಬ ಹಸಿರು ಚಿಗುರು. ಎಷ್ಟು ದಿನದ ಮೇಲೋ ಎದೆ ತುಂಬ ಉಸಿರೆಳೆದುಕೊಂಡೆ... ಆದರೆ ಆ ಎರಡು ಸಾಲು ಮಾತ್ರ ಕೆಂಪೋ ಕೆಂಪು. ಸರ್ ಗ್ರಾಫ್ ಶೀಟನ್ನು ಹತ್ತು ಸಲ ತಿರುಗಿಸಿ ನೋಡಿದರು.

"ನನ್ನ ಮಾಡೆಲ್ಲೇ ತಪ್ಪಾ?" ಅವರ ಮುಖ ಬಾಡಿತು.

ಕಾನ್ವೆಂಟಿನಲ್ಲಿ ಮದರ್ ಎದುರು ನಿಲ್ಲುತ್ತಿದ್ದ ಹಾಗೆ ತಲೆ ತಗ್ಗಿಸಿ ಎಲ್ಲಾ ಹೇಳಿಬಿಟ್ಟೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಔಷಧಿ ಹೊಡೆದ್ರೆ ಏನಾಗುತ್ತೆ ಅಂತ ತೋರ್ಸೋಕೆ ನಂಗೆ ಎರಡು ಸಾಲು ಬೇಕೇ ಇತ್ತು ಮೇಡಂ. ಕೇಳೋಕೆ ಸಂಕೋಚ!"

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಗಿಡಗಳು ಇನ್ನೂ ಹೂ ಬಿಡುತ್ತಿವೆ. ಅಷ್ಟು ವರ್ಷ ನಮ್ಮ ಮನೆಯಲ್ಲಿದ್ದವರ ಕೈಗೆ ಒಂದು ಗುಲಾಬಿ ಕೊಟ್ಟ ನೆನಪೂ ನನಗಿಲ್ಲ... ಸಾರಿ, ಸರ್. ಆದರೆ ಅವತ್ತು ಬಾಯಿಬಿಟ್ಟೆನಲ್ಲ. ನನ್ನಿಂದಾಗಿ ಅವರು ತಮ್ಮ ಲೆಕ್ಕವನ್ನೇ ಅನುಮಾನಿಸುತ್ತಾ ಹೋಗಲಿಲ್ಲ. ಥ್ಯಾಂಕ್ ಗಾಡ್.