ಬೆಳ್ಳಿಪುಡಿಯೂ ನನ್ನ ಅನುಮಾನವೂ

ಆಯುಧಪೂಜೆಯ ಬೆಳಿಗ್ಗೆ ಹೆಂಡತಿ ಮೈಕ್ರೋವೇವ್ ಒಲೆಗೂ ಕುಂಕುಮ ಹಚ್ಚಿದಳು. ನಾನು ಕನ್ನಡಕ ಏರಿಸಿ, ಬಾಗಿಲು ತೆಗೆದು ಒಳಗೆಲ್ಲ ಇಣುಕಿದೆ. “ಒಲೆ ಮೇಲೂ ಅನುಮಾನಾನಾ ನಿಮ್ಗೆ?” ಎಂದಳು. ಏನು ಹೇಳಲಿ, ನೀವೇ ಹೇಳಿ. ಹನುಮಂತನಗರದ ನಮ್ಮ ಬೀದಿಗೆ ಹಾಲಿನವನು ಬೇಗ ಬಂದರೂ ಅನುಮಾನ, ತಡವಾಗಿ ಬಂದರೂ ಅನುಮಾನ.

ಈ ಗುಣಕ್ಕೆ ಒಂದು ಕಾಲದಲ್ಲಿ ವಿಜ್ಞಾನ ಎಂದು ಹೆಸರಿಟ್ಟುಕೊಂಡು ಬೀಗಿದ್ದೆ. ಆಗ ನಾನೂ ನನ್ನ ಸಹಪಾಠಿ ಸುಧಾಳೂ ಒಂದೇ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದೆವು. ಅತಿ ಸಣ್ಣ ಬೆಳ್ಳಿಯ ಕಣಗಳನ್ನು ದ್ರವ ಹೀಲಿಯಮ್ಮಿನಿಂದ ತಣಿಸಿ, ಅವು ಎಷ್ಟು ಮೈಕ್ರೋವೇವ್ ಹೀರುತ್ತವೆಂದು ಅಳೆಯುವುದು ನಮ್ಮ ಕೆಲಸ. ಬೆಳ್ಳಿಲೋಟದೊಳಗೆ ಎಲೆಕ್ಟ್ರಾನುಗಳಿಗೆ ಸಲೀಸಾದ ಇಳಿಜಾರು. ಪುಟ್ಟ ಕಣದೊಳಗೆ ಎತ್ತರೆತ್ತರದ ಮೆಟ್ಟಿಲು. ಶೀತ ಹೆಚ್ಚಿದಂತೆ ಅವಕ್ಕೆ ಹತ್ತುವುದು ಕಷ್ಟ, ಹಾಗಾಗಿ ಕಣ ಅಲೆಗಳನ್ನು ಹೀರುವುದೂ ಇಳಿಯಬೇಕು. ನಮ್ಮಿಬ್ಬರ ಸಂಶೋಧನೆಗೆ ಗೈಡ್ ಆಗಿದ್ದ ಮೇಷ್ಟ್ರ ಲೆಕ್ಕ ಹಾಗೆನ್ನುತ್ತಿತ್ತು.

ದಸರಾ ರಜೆಯ ನಂತರ ಸುಧಾ ತೆಗೆದ ಅಳತೆಗಳು ಮಾತ್ರ ಎಷ್ಟು ತಣಿಸಿದರೂ ಇಳಿಯಲೊಲ್ಲವು. ಕಾಟಾಚಾರಕ್ಕೆ ಅಂಕಿ ಗೀಚುತ್ತಿದ್ದಾಳೆ ಎಂದುಕೊಂಡೆ. ಅವಳು ಊಟಕ್ಕೆ ಹೋದಾಗ ಅವಳ ಚೀಲದಿಂದ ನೋಟುಬುಕ್ಕು ತೆಗೆದು ನೋಡಿದೆ, ಥೂ ನನ್ನ ಬುದ್ಧಿಗೆ! ಕಡೆಗೆ ಮೇಷ್ಟ್ರ ಬಳಿ ಹೋಗಿ, “ಸಾರ್, ಸುಧಾ ರೀಡಿಂಗ್ ನಂಬೋಕಾಗಲ್ಲ” ಎಂದೆ. ಅವಳನ್ನು ಪ್ರಯೋಗದಿಂದ ತೆಗೆದರು. ಅವಳ ಪಿಎಚ್‌ಡಿ ಅಲ್ಲಿಗೇ ನಿಂತುಹೋಯಿತು.

ವಾರ ಕಳೆದು, ಅಲೆಗಳು ಸಾಗುವ ಹಿತ್ತಾಳೆ ಕೊಳವೆಯನ್ನು ಬಿಚ್ಚಿದರೆ ಒಳಗೆ ಗಾಳಿಯಾಡದೆ ಇನ್ನೂ ತೇವ ಆರದ ಕುಂಕುಮ! ಪೂಜೆಯ ದಿನ ಭಕ್ತಿ ಉಕ್ಕಿ, ನೀರಲ್ಲಿ ಕಲಸಿ ಕೊಳವೆಯ ಬಾಯಿಗೆ ಬಳಿದವನು ನಾನೇ. ಬೆಳ್ಳಿಯನ್ನು ತಲುಪುವ ಮೊದಲೇ ಅಲೆಗಳನ್ನು ಅದು ಹೀರುತ್ತಿತ್ತು. ಅದಿದ್ದದ್ದು ಶೀತದಿಂದ ಹೊರಗೆ, ಬೆಳ್ಳಿಯನ್ನು ಎಷ್ಟು ತಣಿಸಿದರೂ ಅದು ಹೀರುವುದು ಇಳಿಯದು. ಅದರ ಮುಂದೆ ಬೆಳ್ಳಿಯ ಇಳಿತ ಕಾಣುವುದಾದರೂ ಹೇಗೆ? ಸ್ಪಿರಿಟ್ ಹಾಕಿ ಒರೆಸಿದೆ. ಅಳತೆ ಇಳಿಯಿತು. ನಾನು ಬಾಯಿ ಬಿಡಲಿಲ್ಲ. ಪಿಎಚ್‌ಡಿ ನನಗೆ ಬಂತು.

ಇವತ್ತು ಪೂಜೆ ಮುಗಿದದ್ದೇ, ಮಲ್ಲೇಶ್ವರದಲ್ಲಿರುವ ಸುಧಾಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ.

“ಗೊತ್ತು ಕಣೋ,” ಎಂದಳು. “ನನ್ನ ಪುಸ್ತಕ ತಗೊಂಡ್ಹೋಗೋಕೆ ಬಂದಿದ್ದೆ, ನೀನು ಒರೆಸ್ತಿದ್ದಾಗ ಬಾಗಿಲಲ್ಲೇ ನಿಂತಿದ್ದೆ. ನೀನೇ ಹೋಗಿ ಹೇಳ್ತೀಯ ಅಂತ ನಂಬಿದ್ದೆ.”

ನಾಚಿಕೆಯಿಂದ ಕುಗ್ಗಿಹೋದೆ. “ಮನೆಗೆ ಬಂದು ಕ್ಷಮೆ ಕೇಳ್ತೀನಿ ಸುಧಾ.”

“ನನ್ನ ಹತ್ರ ಬೇಡ. ಮೇಷ್ಟ್ರು ಚಾಮರಾಜಪೇಟೇಲೇ ಇದಾರೆ. ಇವತ್ತಿಗೂ ನಾನು ಮೋಸ ಮಾಡ್ದೆ ಅಂತಾನೇ ಅಂದ್ಕೊಂಡಿದಾರೆ. ಅವ್ರಿಗೆ ಹೇಳು.”

ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದವನು ನಿಂತೆ. ಹೆಂಡತಿಯನ್ನು ಕರೆದು, “ನೀನೂ ಬಾರೇ,” ಎಂದೆ. “ಅರ್ಧ ದಾರೀಲಿ ವಾಪಸ್ ಬಂದ್ಬಿಡ್ತೀನೇನೋ ಅಂತ ಅನುಮಾನ ನಂಗೆ.”