ಮೂರು ದಿನದ ಪಥ್ಯ

ಆರು ವರ್ಷದಿಂದ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಸಣ್ಣದೊಂದು ಬಿಳಿ ಮಾತ್ರೆ ನುಂಗುತ್ತಿದ್ದೆ. ಬಾಯೊಳಗೆ, ಬೆನ್ನ ಮೇಲೆ ನೀರುಗುಳ್ಳೆ ಏಳುವ ಕಾಯಿಲೆ ನನ್ನದು. ಅದರ ಹೆಸರು ಇವತ್ತಿಗೂ ನನ್ನ ಬಾಯಲ್ಲಿ ಸರಿಯಾಗಿ ಹೊರಳುವುದಿಲ್ಲ, ಕೇಳಿದವರಿಗೆ ಚೀಟಿ ತೋರಿಸಿಬಿಡುತ್ತೇನೆ. ಮಾತ್ರೆ ಯಾವುದೆಂದು ಮಾತ್ರ ಎಲ್ಲರಿಗೂ ಗೊತ್ತು. ಸ್ಟೀರಾಯ್ಡ್ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ನಂಜನಗೂಡಿನಲ್ಲಿ ಪ್ರತಿಯೊಬ್ಬರೂ ಡಾಕ್ಟರಾಗುತ್ತಾರೆ. ಮೂಳೆ ಸವೆಯುತ್ತದೆ, ಶುಗರ್ ಬರುತ್ತದೆ, ಕಣ್ಣು ಹೋಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿ, "ಆದ್ರೂ ಮೈಕೈ ತುಂಬ್ಕೊಂಡು ಚೆನ್ನಾಗಾಗಿದ್ದೀರಿ ಕಣ್ರೀ" ಎನ್ನುತ್ತಾರೆ. ಮಾತ್ರೆಯಿಂದ ಊದಿಕೊಂಡ ಮುಖಕ್ಕೆ ಸಿಗುವ ಹೊಗಳಿಕೆ ಅದು. ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದೆ. ಆಮೇಲೆ ಅದೂ ಸಾಕಾಗಿ ಸುಮ್ಮನೆ ತಲೆಯಾಡಿಸತೊಡಗಿದೆ.

ಕೊರೋನಾ ಲಸಿಕೆ ಬಂದ ವರ್ಷ ಈ ತಲೆಯಾಡಿಸುವುದೂ ಕಷ್ಟವಾಯಿತು. ನಾನು ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುವವಳು. ಅಳತೆ ತೆಗೆಯಬೇಕಾದರೆ ಇನ್ನೊಬ್ಬರ ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲಲೇಬೇಕು. ನಮ್ಮ ಬೀದಿಯಲ್ಲೇ ಮೂರು ಹೆಣ ಬಿದ್ದಿದ್ದವು. ಮಾತ್ರೆ ತಿನ್ನುವವರಿಗೆ ಕಾಯಿಲೆ ಬಂದರೆ ಉಳಿಯುವುದಿಲ್ಲ ಎಂದು ಒಬ್ಬರು, ಮಾತ್ರೆ ತಿನ್ನುವವರು ಲಸಿಕೆ ಹಾಕಿಸಿಕೊಂಡರೆ ಉಳಿಯುವುದಿಲ್ಲ ಎಂದು ಇನ್ನೊಬ್ಬರು. ಎರಡನ್ನೂ ಕೇಳಿಸಿಕೊಂಡು ನಾನು ರವಿಕೆಗೆ ಕೊಕ್ಕೆ ಹಾಕುತ್ತಾ ಕೂತಿರುತ್ತಿದ್ದೆ. ಯಜಮಾನರನ್ನು ಕೇಳಿದರೆ "ನಿನ್ನಿಷ್ಟ" ಎಂದರು. ಮದುವೆಯಾದಾಗಿನಿಂದ ಕಷ್ಟದ ವಿಷಯಕ್ಕೆಲ್ಲ ಅವರದು ಅದೊಂದೇ ಉತ್ತರ. ಸಾರಿಗೆ ಉಪ್ಪು ಕಮ್ಮಿಯಾದರೆ ಮಾತ್ರ ಅವರಿಗೆ ಸ್ವಂತ ಅಭಿಪ್ರಾಯವಿರುತ್ತದೆ.

ಮೈಸೂರಿನಲ್ಲಿ ನನ್ನನ್ನು ನೋಡುತ್ತಿದ್ದ ಚರ್ಮದ ಡಾಕ್ಟರಿಗೆ ಫೋನು ಮಾಡಿದೆ. ನಾಲ್ಕು ದಿನ ಪ್ರಯತ್ನಿಸಿದ ಮೇಲೆ ಸಿಕ್ಕರು, ಅವರ ದನಿಯಲ್ಲೂ ದಣಿವಿತ್ತು. "ಹಾಕಿಸಿಕೊಳ್ಳಿ ಅಮ್ಮ, ತೊಂದರೆ ಇಲ್ಲ. ಸ್ಟೀರಾಯ್ಡ್ ತಗೊಳ್ಳೋರಿಗೆ ಲಸಿಕೆ ಸ್ವಲ್ಪ ಕಮ್ಮಿ ಕೆಲಸ ಮಾಡಬಹುದು, ಅಷ್ಟೇ" ಎಂದರು. ಹಿಂದೆ ಯಾರೋ ಅವರನ್ನು ಕರೆದರು, ಫೋನು ಇಟ್ಟರು. ನನ್ನ ತಲೆಯಲ್ಲಿ ಉಳಿದದ್ದು ಎರಡನೆಯ ಮಾತು ಮಾತ್ರ. ಅಷ್ಟೆಲ್ಲ ಹೆದರಿಕೊಂಡು ಹಾಕಿಸಿಕೊಂಡರೂ ಹತ್ತದೆ ಹೋದರೆ ಏನು ಬಂತು ಪ್ರಯೋಜನ? ಮಾತ್ರೆಯನ್ನು ಏನು ಮಾಡಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಂಜನಗೂಡಿನಲ್ಲಿ ಮೂರು ಸಲ ಸಾಲಿನಲ್ಲಿ ನಿಂತೆ. ಮೂರು ಸಲವೂ ನನ್ನ ಸರದಿ ಬರುವ ಮೊದಲೇ ಟೋಕನ್ ಮುಗಿಯಿತು. ಅಷ್ಟರಲ್ಲಿ ಅಕ್ಕನ ಫೋನು ಬಂತು. ಅಕ್ಕ ನನಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು, ಭಾವ ತೀರಿಕೊಂಡ ಮೇಲೆ ಟಿ. ನರಸೀಪುರದ ಆಚೆಯ ಹಳ್ಳಿಯಲ್ಲಿ ನಾಲ್ಕು ಹಸು ಕಟ್ಟಿಕೊಂಡು ಒಬ್ಬಳೇ ಮನೆ ನಡೆಸುವವಳು. "ನಮ್ಮೂರ್ ಇಸ್ಕೂಲಲ್ಲಿ ಸುಕ್ರವಾರ ಸೂಜಿ ಹಾಕ್ತಾರಂತೆ. ಇಲ್ಲಿ ಜನ ಕಮ್ಮಿ. ಬಂದ್ಬುಡು" ಎಂದಳು. ಬಸ್ಸು ಆಗಷ್ಟೇ ಮತ್ತೆ ಓಡಲು ಶುರುವಾಗಿತ್ತು. ಸೋಮವಾರವೇ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ.

ಅಪ್ಪನ ವಿಷಯ ಇಲ್ಲಿ ಹೇಳಬೇಕು. ಅಪ್ಪ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಿದ್ದ. ಎಲ್ಲೆಲ್ಲಿಂದಲೋ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಬಂದವರಿಗೆ ಅವನು ಆ ದಿನವೇ ಮದ್ದು ಕೊಟ್ಟದ್ದಿಲ್ಲ. ಮೂರು ದಿನ ಪಥ್ಯ ಮಾಡಿ ಬನ್ನಿ ಎಂದು ವಾಪಸ್ಸು ಕಳಿಸುತ್ತಿದ್ದ. ಉಪ್ಪು, ಹುಳಿ, ಎಣ್ಣೆ ಬಿಡಬೇಕು, ಒಪ್ಪತ್ತು ಊಟ ಮಾಡಬೇಕು, ಬೇರೆ ಯಾವ ಔಷಧಿಯನ್ನೂ ಮುಟ್ಟಬಾರದು. ಹಳೆಯ ಮದ್ದು ಮೈಯಿಂದ ಇಳಿದರೆ ತಾನೇ ಹೊಸದಕ್ಕೆ ಜಾಗ ಎಂದು ಅವನ ಲೆಕ್ಕ. ಅಪ್ಪ ಹೋದ ಮೇಲೆ ಮದ್ದು ನಿಂತುಹೋಯಿತು, ಆದರೆ ಆ ಪಥ್ಯ ಅಕ್ಕನ ತಲೆಯಲ್ಲಿ ಹಾಗೇ ಕೂತಿತ್ತು. ಹಸುವಿಗೆ ಜಂತಿನ ಔಷಧಿ ಕುಡಿಸುವುದಕ್ಕೂ ಅವಳು ಅದನ್ನೇ ಮಾಡಿಸುತ್ತಿದ್ದಳು.

ರಾತ್ರಿ ಮುದ್ದೆ ಕಟ್ಟುತ್ತಾ ನಾನು ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಅಕ್ಕನಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ.

"ಹತ್ತಾಕಿಲ್ಲ ಅಂದ್ರೆ ಮಾತ್ರೆ ಅಡ್ಡ ಬತ್ತದೆ ಅಂತ ತಾನೆ? ಅಂಗಾದ್ರೆ ಮೂರ್ ದಿನ ಬುಟ್ಬುಡು. ಅಪ್ಪ ಏನ್ ಮಾಡ್ಸೋನು, ಮರ್ತೋಯ್ತಾ?"

"ಬಿಡಬೇಡಿ ಅಂತ ಮೊದಲು ಯಾವಾಗಲೋ ಹೇಳಿದ್ರು ಕಣಕ್ಕ."

"ಸಾಯೋಗಂಟ ಬುಡು ಅಂದ್ನಾ ನಾನು? ಮೂರೇ ದಿನ. ಸೂಜಿ ಹಾಕ್ಸ್ಕೊಂಡು ಸಂಜೀಕೆ ನುಂಗ್ಕೊ."

ನನಗೆ ವಾದ ಮಾಡುವ ತ್ರಾಣವಿರಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೇ ಹಿತವಾಯಿತು. ತಿಂಗಳುಗಟ್ಟಲೆ ತಲೆ ತಿಂದಿದ್ದ ಪ್ರಶ್ನೆಯನ್ನು ಯಾರೋ ಒಬ್ಬರು ನನ್ನ ಕೈಯಿಂದ ತೆಗೆದುಕೊಂಡಿದ್ದರು. ಆರು ವರ್ಷದಲ್ಲಿ ಮೊದಲ ಸಲ ಬೆಳಿಗ್ಗೆ ಎದ್ದು ಮಾತ್ರೆ ಡಬ್ಬಿ ತೆರೆಯದೆ ಇದ್ದೆ. ಅದೊಂದು ರಜೆ ಅನ್ನಿಸಿತು.

ಮಂಗಳವಾರ ಏನೂ ಆಗಲಿಲ್ಲ. ಬುಧವಾರ ಉಪ್ಪಿಲ್ಲದ ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ಗುರುವಾರ ಕೊಟ್ಟಿಗೆಯವರೆಗೆ ಹೋಗಿ ಬರುವಷ್ಟರಲ್ಲಿ ಕಾಲು ಸೋತು ಬಂದವು, ಎರಡು ಸಲ ವಾಂತಿಯಾಯಿತು. "ಮೈ ತೆರವಾಯ್ತಾ ಅದೆ, ಒಳ್ಳೇದೇಯ" ಎಂದಳು ಅಕ್ಕ. ಅಪ್ಪನ ಕಾಮಾಲೆಯವರೂ ಹೀಗೇ ಸೋತು ಬರುತ್ತಿದ್ದರಂತೆ. ನಾನು ನಂಬಿದೆ. ದಣಿವು ನನಗೆ ಹೊಸದೇನೂ ಅಲ್ಲವಲ್ಲ, ಯಾವ ದಣಿವಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಗೊತ್ತಾಗದಷ್ಟು ಅಭ್ಯಾಸವಾಗಿತ್ತು.

ಶುಕ್ರವಾರ ಶಾಲೆಯ ಜಗಲಿಯಲ್ಲಿ ಮೂವತ್ತು ನಲವತ್ತು ಜನ ನಿಂತಿದ್ದರು. ಊರಿನ ಆಶಾ ಕಾರ್ಯಕರ್ತೆ ಮನೆಮನೆ ಸುತ್ತಿ, ಬೇಡಿಕೊಂಡು, ಬೈಸಿಕೊಂಡು ಕೂಡಿಸಿದ್ದ ಜನ ಅದು. ನನ್ನ ಮುಂದೆ ಇನ್ನೂ ಐದಾರು ಮಂದಿ ಇದ್ದರು. ಅಕ್ಕ ಸಾಲಿನಲ್ಲಿರಲಿಲ್ಲ, ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಕಂಬ ಹಿಡಿದುಕೊಂಡದ್ದು ನೆನಪಿದೆ. ಆಮೇಲಿನದನ್ನು ಬೇರೆಯವರು ಹೇಳಿ ಕೇಳಿದ್ದು. ನಾನು ಬಿದ್ದದ್ದನ್ನು ನೋಡಿ ಅರ್ಧ ಸಾಲು ಚದುರಿತಂತೆ. ಹಾಲಿನ ಕ್ಯಾನು ಸಾಗಿಸುವ ಗೂಡ್ಸ್ ಆಟೋದಲ್ಲಿ ನನ್ನನ್ನು ಮಲಗಿಸಿಕೊಂಡು ಅಕ್ಕ ನರಸೀಪುರದ ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಉಳಿದರ್ಧವೂ ಮನೆ ಸೇರಿತ್ತು. ಸೂಜಿ ನನ್ನ ತೋಳಿನ ಹತ್ತಿರವೂ ಬಂದಿರಲಿಲ್ಲ. ಅದನ್ನು ಕೇಳುವವರು ಯಾರು?

ಕಣ್ಣು ಬಿಟ್ಟಾಗ ಕೈಗೆ ಡ್ರಿಪ್ ಹಾಕಿದ್ದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಚೀಟಿ ಹಿಡಿದು ನಿಂತಿದ್ದರು, ಮಂಚದ ಕಾಲ ಬಳಿ ಅಕ್ಕ.

"ಈ ಮಾತ್ರೆ ಯಾವಾಗಿಂದ ನಿಲ್ಲಿಸಿದ್ದೀರಿ?"

"ಮಂಗಳವಾರದಿಂದ. ಪಥ್ಯ ಅಂತ ಉಪ್ಪೂ ಬಿಟ್ಟಿದ್ದೆ."

"ಯಾರು ನಿಲ್ಲಿಸು ಅಂದಿದ್ದು?"

ಅಕ್ಕ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. "ಯಾರೂ ಇಲ್ಲ. ನಾನೇ ಬಿಟ್ಟೆ" ಎಂದೆ.

ಡಾಕ್ಟರಮ್ಮ ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. "ಈ ಥರದ್ದೇ ಸ್ಟೀರಾಯ್ಡ್ ನಮ್ಮ ಮೈಯಲ್ಲೂ ತಯಾರಾಗುತ್ತೆ. ಇಷ್ಟು ವರ್ಷ ಹೊರಗಿಂದ ಕೊಟ್ಟೂ ಕೊಟ್ಟೂ ನಿಮ್ಮ ಮೈ ಅದನ್ನ ತಾನೇ ಮಾಡ್ಕೊಳ್ಳೋದು ಬಿಟ್ಟಿದೆ ಅಮ್ಮ. ಹಂಗೆ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಬಿಪಿ ಇಳಿದು ಪ್ರಾಣಾನೇ ಹೋಗುತ್ತೆ. ಮೇಲೆ ಉಪ್ಪೂ ಬಿಟ್ಟಿದ್ದೀರಿ. ಇನ್ನೊಂದು ಸ್ವಲ್ಪ ತಡ ಆಗಿದ್ರೆ ನೀವಿಲ್ಲಿ ಮಲಗಿ ಮಾತಾಡ್ತಿರಲಿಲ್ಲ" ಎಂದರು. ಲಸಿಕೆಯ ಮಾತು ನಾನೇ ಎತ್ತಿದೆ. ಅದರಲ್ಲಿ ಜೀವ ಇರುವ ವೈರಸ್ ಇಲ್ಲ, ಸುಧಾರಿಸಿಕೊಂಡ ಮೇಲೆ ಹಾಕಿಸಿಕೊಳ್ಳಬಹುದು, ಆದರೆ ಮಾತ್ರೆ ಒಂದು ದಿನವೂ ತಪ್ಪಿಸಬಾರದು ಎಂದರು. ಪೂರ್ತಿ ಹತ್ತುತ್ತದೆಯೇ ಎಂದದ್ದಕ್ಕೆ, "ಗ್ಯಾರಂಟಿ ಕೊಡೋಕಾಗಲ್ಲ. ಅದಕ್ಕೇ ನಿಮ್ಮ ಜೊತೆ ಇರೋರು ಮೊದಲು ಹಾಕಿಸ್ಕೋಬೇಕು. ಇವರು ಹಾಕಿಸ್ಕೊಂಡಿದಾರಾ?" ಎಂದು ಅಕ್ಕನ ಕಡೆ ತಿರುಗಿದರು.

"ನಂಗ್ಯಾಕೆ ಡಾಕ್ಟ್ರಮ್ಮ, ನಾನ್ ಗಟ್ಟಿಯಾಗಿವ್ನಿ" ಎಂದಳು ಅಕ್ಕ. ಆಗ ನನಗೆ ಹೊಳೆಯಿತು. ನನಗೆ ಪಥ್ಯ ಹಾಕಿ ಸಾಲಿನಲ್ಲಿ ನಿಲ್ಲಿಸಿದವಳಿಗೆ ಸೂಜಿ ಎಂದರೆ ನನಗಿಂತ ಹೆಚ್ಚು ಭಯ. ಕಷ್ಟದ ಹೆರಿಗೆಯಲ್ಲಿ ಹಸುವಿನೊಳಗೆ ಕೈ ಹಾಕಿ ಕರು ಎಳೆಯುವ ಹೆಂಗಸು ಅವಳು. ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಲಿಕ್ಕೂ ಒಂದಿಷ್ಟು ಶಕ್ತಿ ಬೇಕು, ಗೋಡೆಯ ಕಡೆ ತಿರುಗಿ ಮಲಗಿದೆ.

ನಂಜನಗೂಡಿಗೆ ಬಂದು ಒಂದು ತಿಂಗಳು ಸುಧಾರಿಸಿಕೊಂಡೆ. ಅಲ್ಲಿ ಅಕ್ಕನ ಊರಿನಲ್ಲಿ ನನ್ನ ಕಥೆ ಬೆಳೆದು ನಿಂತಿತ್ತು. ನಂಜನಗೂಡಿನಿಂದ ಬಂದ ಹೆಂಗಸು ಸೂಜಿ ಹಾಕಿದ ಕೂಡಲೇ ಬಿದ್ದಳು ಎಂದು ಕೆಲವರು, ಸತ್ತೇ ಹೋದಳು ಎಂದು ಕೆಲವರು. ಆಮೇಲಿನ ಶಿಬಿರಕ್ಕೆ ನಾಲ್ಕೇ ಜನ ಬಂದರಂತೆ. ಆಶಾ ಕಾರ್ಯಕರ್ತೆ ನನಗೆ ಫೋನು ಮಾಡಿದಳು. "ನೀವು ಬಂದು ಇಲ್ಲೇ ಹಾಕ್ಸ್ಕೊಂಡ್ರೆ ಜನ ನೋಡ್ತಾರೆ ಅಕ್ಕ. ನಾನ್ ಹೇಳುದ್ರೆ ಯಾರೂ ಕೇಳಾಕಿಲ್ಲ" ಎಂದಳು. ಅವಳ ದನಿ ಕೇಳಿ ನಾಚಿಕೆಯಾಯಿತು. ಯಜಮಾನರನ್ನು ಕೇಳಿದೆ. "ನಿನ್ನಿಷ್ಟ" ಎಂದರು. ಸದ್ಯ, ಈ ಸಲ ನನಗೇ ಒಂದು ಇಷ್ಟ ಇತ್ತು. ಬದುಕಬೇಕು ಎಂದಿತ್ತು. ಊದಿದ ಮುಖ ಹೊತ್ತುಕೊಂಡಾದರೂ ಸರಿ.

ಅದೇ ಜಗಲಿ. ಬೆಳಿಗ್ಗೆ ಇಡ್ಲಿ ತಿಂದು, ಮಾತ್ರೆ ನುಂಗಿ ಹೋಗಿದ್ದೆ. ಸಾಲಿನಲ್ಲಿ ಇದ್ದವರು ಐದಾರು ಜನ, ದೂರದಲ್ಲಿ ನಿಂತು ನೋಡುತ್ತಿದ್ದವರು ಇಪ್ಪತ್ತಕ್ಕೂ ಹೆಚ್ಚು. ನರ್ಸು ನನ್ನನ್ನು ಕರೆದಳು. ನಾನು ಏಳುವ ಮೊದಲೇ ಅಕ್ಕ ಕಟ್ಟೆಯಿಂದ ಇಳಿದು ಬಂದು ನರ್ಸಿನ ಮುಂದಿನ ಕುರ್ಚಿಯಲ್ಲಿ ಕೂತಳು.

"ಮೊದ್ಲು ನಂಗ್ ಹಾಕಿ" ಎಂದಳು. ಸೂಜಿಯನ್ನು ನೋಡಲಾರದೆ ಜನರ ಕಡೆ ಮುಖ ತಿರುಗಿಸಿದಳು. ತಿರುಗಿಸಿದ ಮೇಲೆ ಏನಾದರೂ ಹೇಳಲೇಬೇಕು ಅನ್ನಿಸಿತೋ, ಅದನ್ನು ಹೇಳಲೆಂದೇ ತಿರುಗಿದಳೋ ನನಗೆ ತಿಳಿಯದು.

"ಅವತ್ತು ಇವ್ಳು ಬಿದ್ದಿದ್ದು ಸೂಜಿಯಿಂದ ಅಲ್ಲ ಕಣ್ರವ್ವ. ದಿನಾ ನುಂಗೋ ಮಾತ್ರೆಯ ಮೂರ್ ದಿನ ಬುಡ್ಸಿದ್ದೆ. ಬುಡ್ಸಿದ್ದು ನಾನು. ಇವ್ಳು ಆಸ್ಪತ್ರೇಲಿ ನಾನೇ ಬುಟ್ಟೆ ಅಂತ ಸುಳ್ಳೇಳುದ್ಲು, ನಾನು ಸುಮ್ನಿದ್ದೆ."

ನರ್ಸು ಹತ್ತಿ ಒತ್ತಿದಳು. ಕಾಮಾಲೆ ಮದ್ದಿನವನ ಮಗಳೆಂದು ಊರೆಲ್ಲ ಮದ್ದಿನ ವಿಷಯಕ್ಕೆ ಅವಳನ್ನೇ ಕೇಳುತ್ತಿದ್ದರು, ಆ ಮರ್ಯಾದೆ ಅಷ್ಟು ಜನರ ಎದುರಿಗೆ ಹೋಯಿತು. ಹುಟ್ಟಿದಾಗಿನಿಂದ ಅವಳು ತನ್ನ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿರಲಿಲ್ಲ. ನೋಡಿದಾಗ ಸಂತೋಷವಾಗಲಿಲ್ಲ, ಅಳು ಬಂತು. ಕುರ್ಚಿಯಿಂದ ಎದ್ದವಳು ನನ್ನ ಪಕ್ಕದಲ್ಲೇ ನಿಂತು, "ನಿಂಗೆ ಹತ್ತದೆ ಇದ್ರೆ ನಂಗಾದ್ರೂ ಹತ್ಲಿ. ನನ್ನಿಂದ ನಿಂಗೆ ಕಾಯಿಲೆ ಬರ್ಬಾರ್ದು" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದಳು.

ನಾನು ಕುರ್ಚಿಯಲ್ಲಿ ಕೂತು ರವಿಕೆಯ ತೋಳು ಮೇಲಕ್ಕೆ ಸರಿಸಿದೆ.